ಫ್ಯೂಜಿನ ಬುಟ್ಟಿ

ಕರೆಂಟು ಬಂದರೆ ನೀರು, ನೀರು ಹರಿದರೆ ನಿದ್ದೆ. ನಾವು ಸಣ್ಣವರಿದ್ದಾಗ ಬೇಸಿಗೆ ಸಾಗುತ್ತಿದ್ದದ್ದು ಹೀಗೆ. ಹೊತ್ತೆಷ್ಟಾಯಿತೆಂದು ಗಡಿಯಾರ ನೋಡುವವರು ನಮ್ಮೂರಲ್ಲಿ ಕಡಿಮೆ. ಪಂಪ್‌ಹೌಸಿನ ಗೋಡೆಗೆ ನೇತುಬಿಟ್ಟ ಮೂರು ಬಲ್ಬು ನೋಡುತ್ತಿದ್ದೆವು. ಒಂದೇ ಉರಿದರೆ ಮನೆಯ ದೀಪಕ್ಕಷ್ಟೇ ಕರೆಂಟು. ಮೂರೂ ಉರಿದರೆ ತ್ರೀ ಫೇಸ್, ಮೋಟರ್ ಓಡುತ್ತದೆ. ಬುಗುರಿ ಆಡುತ್ತಲೋ, ಹುಳಿ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಲೋ ಇದ್ದ ಹುಡುಗರಲ್ಲಿ ಯಾರು ಮೊದಲು ಕಂಡರೂ "ಬಂತೋ" ಎಂದು ಕೂಗಬೇಕು. ಆ ಕೂಗಿಗೆ ಹಿರಿಯರು ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಗದ್ದೆಗೆ ಓಡುತ್ತಿದ್ದರು.

ನಮ್ಮೂರು ಬಳ್ಳಿಗಾವಿಯಿಂದ ಸೊರಬದ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಕ್ಕಿದೆ. ನಡುವೆ ಒಂದು ಹಳ್ಳ, ಹಳ್ಳದ ಎರಡು ದಂಡೆಗೂ ಗದ್ದೆ. ಎರಡೂ ದಂಡೆಯ ಮೋಟರುಗಳಿಗೆ ಇದ್ದದ್ದು ಒಂದೇ ಟಿಸಿ. ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಹಾಗೇ ಅನ್ನುವುದು. ಅದನ್ನು ಕೂರಿಸಿದಾಗ ಇದ್ದ ಮೋಟರುಗಳು ಬೆರಳೆಣಿಕೆಯಷ್ಟು. ನಾನು ಶಾಲೆಗೆ ಹೋಗುವ ಹೊತ್ತಿಗೆ ಪ್ರತಿ ಗದ್ದೆಯ ಮೂಲೆಯಲ್ಲೂ ಒಂದು ಕೂತಿತ್ತು. ಎಲ್ಲವೂ ಒಟ್ಟಿಗೆ ಓಡಿದರೆ ಟಿಸಿ ತಡೆಯುವುದಿಲ್ಲ.

ಅದಕ್ಕೆ ಊರವರು ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಬೆಳಗಿನ ಕರೆಂಟು ಮೇಲಿನ ದಂಡೆಗೆ, ಮಧ್ಯಾಹ್ನದ ಮೇಲಿನದು ಕೆಳಗಿನ ದಂಡೆಗೆ. ಬಾಯಿ ಮಾತನ್ನು ನಂಬುವ ಹಾಗಿಲ್ಲ ಎಂದು ಇನ್ನೊಂದು ಕೆಲಸವನ್ನೂ ಮಾಡಿದ್ದರು. ಪಾಳಿ ಇಲ್ಲದವರು ತಮ್ಮ ಸ್ಟಾರ್ಟರಿನ ಮೂರು ಬಿಳಿ ಪಿಂಗಾಣಿ ಫ್ಯೂಜುಗಳಲ್ಲಿ ಒಂದನ್ನು ಕಿತ್ತು ನಮ್ಮ ಮನೆಗೆ ತಂದು ಬಿದಿರು ಬುಟ್ಟಿಯಲ್ಲಿ ಹಾಕಬೇಕು. ಒಂದು ಇಲ್ಲದಿದ್ದರೆ ಮೋಟರ್ ತಿರುಗುವುದಿಲ್ಲ, ಗುಂಯ್ ಅನ್ನುತ್ತಾ ತಾನೇ ಸುಡುತ್ತದೆ. ಅಪ್ಪನ ಮೇಲೆ ಎರಡೂ ದಂಡೆಯವರಿಗೆ ನಂಬಿಕೆ ಇತ್ತು, ಹಾಗಾಗಿ ಬುಟ್ಟಿ ನಮ್ಮ ಮನೆಯಲ್ಲಿ. ಕಾಯುವವಳು ಅವ್ವ. ಪಾಳಿ ಬದಲಾದಾಗ ಫ್ಯೂಜುಗಳನ್ನು ಮನೆಮನೆಗೆ ಮುಟ್ಟಿಸುವವನು ನಾನು. ಒಬ್ಬೊಬ್ಬರ ಗುರುತೂ ನನಗೆ ಬಾಯಿಪಾಠ. ನಮ್ಮದಕ್ಕೆ ಹಸಿರು ದಾರ, ಹಾಲಪ್ಪಣ್ಣನದರ ಮೂಲೆ ಮುರಿದಿತ್ತು. ಏಳನೇ ಕ್ಲಾಸಿನ ಪುಸ್ತಕಕ್ಕಿಂತ ಆ ಬುಟ್ಟಿಯನ್ನೇ ನಾನು ಚೆನ್ನಾಗಿ ಓದಿದ್ದೆ.

ಆ ಬೇಸಿಗೆಯಲ್ಲಿ ಭತ್ತ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಮಧ್ಯಾಹ್ನದ ತ್ರೀ ಫೇಸ್ ನಿಂತುಹೋಯಿತು. ತೆನೆ ಹಿಸುಕಿದರೆ ಬೆರಳಿಗೆ ಹಾಲು ಹತ್ತುವ ಆ ದಿನಗಳಲ್ಲಿ ಗದ್ದೆಯಲ್ಲಿ ನೀರು ನಿಂತಿರಬೇಕು, ಇಲ್ಲದಿದ್ದರೆ ಕಾಳು ತುಂಬದೆ ಜೊಳ್ಳಾಗುತ್ತದೆ. ಡ್ಯಾಮಿನಲ್ಲಿ ನೀರು ತಳ ಕಂಡಿದೆ, ಕಲ್ಲಿದ್ದಲು ಸಾಲುತ್ತಿಲ್ಲ ಎಂದು ರೇಡಿಯೋ ಹೇಳುತ್ತಿತ್ತು. ಅಪ್ಪ ಅದರ ಕಿವಿ ಹಿಂಡಿ ಆರಿಸುತ್ತಿದ್ದ. "ನಮ್ಮ ಜಿಲ್ಲೆ ನೀರಾಗ ಹುಟ್ಟಿದ ಕರೆಂಟು ನಮ್ಮ ತಲಿ ಮ್ಯಾಲೇ ಬೆಂಗಳೂರಿಗೆ ಹೊಂಟೈತಿ. ನಮಗ ಟವರಿನ ನೆರಳು."

ಮೇಲಿನ ದಂಡೆಗೆ ಬೆಳಗಿನ ಕರೆಂಟು ಬರುತ್ತಲೇ ಇತ್ತು. ಕೆಳಗಿನ ದಂಡೆಯವರು ನಾವು ಮೂರು ಬಲ್ಬು ನೋಡುತ್ತಾ ಕೂತೆವು. ನಾಲ್ಕನೇ ದಿನ ಅಪ್ಪ ಬಸವಣ್ಣನ ಗುಡಿ ಕಟ್ಟೆಗೆ ಹೋಗಿ, ಇರುವ ಬೆಳಗಿನ ಕರೆಂಟನ್ನೇ ಎರಡು ಪಾಲು ಮಾಡೋಣ ಎಂದು ಕೇಳಿದ. ಮೇಲಿನ ದಂಡೆಯ ಪರಮೇಶಿ ಆಗಷ್ಟೇ ಮದುವೆಯಾದ ಹೊಸ ಹುರುಪಿನವನು.

"ಅಲ್ರೀ ನಿಂಗಪ್ಪಣ್ಣ, ನಮ್ಮ ಭತ್ತ ಏನು ನೀರು ಬಿಟ್ಟು ಗಾಳಿ ಕುಡೀತೈತೇನು? ಇನ್ನೆರಡು ದಿನ ತಾಳ್ರಿ, ನೋಡಾಣ" ಎಂದ.

"ನಮ್ಮದು ತಾಳಬೇಕಲ್ಲೋ."

"ಹಂಗಾರ ಸರ್ಕಾರಾನ ಕೇಳ್ರಿ."

ಅಪ್ಪ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಶಿಕಾರಿಪುರಕ್ಕೆ ಹೋದ, ಕರೆಂಟಿನ ಆಫೀಸಿನಲ್ಲಿ ಕೇಳಿ ಬರಲು. ನಾನು ಹಳ್ಳ ದಾಟುವ ಸಂಕದ ಮೇಲೆ ಕೂತಿದ್ದೆ. ಮೇಲಿನ ದಂಡೆಯ ಮೋಟರುಗಳು ಶುರುವಾದವು. ದಿನವೂ ಕೇಳುವ ಸದ್ದೇ ಅದು, ಆದರೆ ಅವತ್ತು ಟಿಸಿಯ ಗುಂಯ್‌ಗುಡುವಿಕೆ ದಪ್ಪವಾಗಿತ್ತು, ಗಂಟಲಲ್ಲಿ ಕಫ ಕಟ್ಟಿದವರು ಉಸಿರಾಡಿದ ಹಾಗೆ. ಮೀನು ಹಿಡಿಯುತ್ತಿದ್ದ ಹುಡುಗರು ಕೂಡ ತಲೆ ಎತ್ತಿದರು. ಬಿಸಿ ಎಣ್ಣೆಯ ವಾಸನೆ, ಅದರ ಹಿಂದೆಯೇ ಸುಟ್ಟ ಅರಗಿನಂಥ ಘಾಟು. ಟಿಸಿಯ ಹೊಟ್ಟೆಯಿಂದ ಎಣ್ಣೆ ತೊಟ್ಟಿಕ್ಕಿತು. "ಮೋಟರ್ ಆರಸ್ರೋ" ಎಂದು ಯಾರೋ ಕೂಗಿದ್ದು ಕೇಳಿತು. ಅಷ್ಟರಲ್ಲಿ ಢಮ್ ಎಂದಿತು. ಕೊಕ್ಕರೆಗಳೆಲ್ಲ ಒಮ್ಮೆಗೇ ಎದ್ದವು. ಆಮೇಲೆ ಹಳ್ಳದ ಉದ್ದಕ್ಕೂ ಮೋಟರುಗಳು ಒಂದೊಂದಾಗಿ ಉಸಿರು ಬಿಟ್ಟು ನಿಂತವು.

ನಾನು ಮನೆಗೆ ಓಡಿದ್ದು ಹಳ್ಳದ ಕೆಳಗಿನ ದಂಡೆಯ ಬದುವಿನ ಮೇಲೆ. ಹಾಲಪ್ಪಣ್ಣನ ಗದ್ದೆಯ ಕಾಲುವೆಯಲ್ಲಿ ನನ್ನ ಕಾಲು ಹೂತಿತು. ಕೆಸರು ತಣ್ಣಗಿತ್ತು. ಐದು ದಿನದಿಂದ ನೀರು ಕಾಣದ ಕಾಲುವೆ ಅದು.

ಮಧ್ಯಾಹ್ನ ಅಪ್ಪ ಬರುವ ಹೊತ್ತಿಗೆ ಊರೇ ಕಟ್ಟೆಯ ಮೇಲಿತ್ತು. ಪರಮೇಶಿ ಅಪ್ಪನಿಗೆ ನೀರು ಕುಡಿಯಲೂ ಬಿಡಲಿಲ್ಲ.

"ನಮ್ಮ ಪಾಳಿ ಮೋಟರಿಗೆ ಅದು ಸುಡಂಗಿಲ್ಲ. ಕೆಳಗಿನ ದಂಡ್ಯಾಗ ಯಾರೋ ಓಡಿಸ್ಯಾರ. ಬುಟ್ಟಿ ನಿಮ್ಮ ಮನ್ಯಾಗ ಐತಿ. ತರಸ್ರಿ, ಎಣಸಾಣ."

"ತರಸ್ತೀನಿ" ಎಂದ ಅಪ್ಪ. ದನಿಯಲ್ಲಿ ಅಳುಕಿರಲಿಲ್ಲ. "ಮಂಜ, ಹೋಗು, ತಾ. ನಮ್ಮ ಮನ್ಯಾಗ ಒಂದು ಕಮ್ಮಿ ಇದ್ರ ನಾನು ಈ ಕಟ್ಟಿ ಹತ್ತಂಗಿಲ್ಲ."

ಆ ಮಾತು ಅವನು ಆಡಬಾರದಿತ್ತು. ಮನೆಯಲ್ಲಿ ಅವ್ವ ಇರಲಿಲ್ಲ. ಒಲೆ ಆರಿತ್ತು. ಬುಟ್ಟಿ ಮೂಲೆಯಲ್ಲಿತ್ತು. ಎತ್ತಿಕೊಳ್ಳುವಾಗಲೇ ನನ್ನ ಕಣ್ಣು ಹಸಿರು ದಾರ ಹುಡುಕಿತು. ಕೈ ಹಾಕಿ ತಳದವರೆಗೂ ಕೆದಕಿದೆ. ಮೂಲೆ ಮುರಿದದ್ದು ಇತ್ತು, ಉಳಿದವರದ್ದೆಲ್ಲ ಇದ್ದವು. ನಮ್ಮದೇ ಇರಲಿಲ್ಲ.

ಕಟ್ಟೆ ನಮ್ಮ ಮನೆಯಿಂದ ದೂರವೇನಲ್ಲ. ಅವತ್ತು ಆ ದಾರಿ ಮುಗಿಯಬಾರದೆಂದು ನಾನು ನಡೆದೆ. ಪಿಂಗಾಣಿ ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿತ್ತು. ಅಪ್ಪ ಬುಟ್ಟಿ ಇಸಿದುಕೊಂಡು ಟವೆಲ್ ಹಾಸಿ ಅದರ ಮೇಲೆ ಸುರಿದ. ಒಂದೊಂದನ್ನೇ ಎತ್ತಿ ಹೆಸರು ಹೇಳಿ ಬದಿಗಿಡತೊಡಗಿದ. "ಹಾಲಪ್ಪಂದು, ಐತಿ." ಕಂಬಕ್ಕೆ ಒರಗಿದ್ದ ಹಾಲಪ್ಪಣ್ಣ ಬೀಡಿ ಹೊತ್ತಿಸಲು ಬಗ್ಗಿದ. ಟವೆಲಿನ ಮೇಲೆ ಉಳಿದವು ಕಡಿಮೆಯಾಗುತ್ತಾ ಬಂದ ಹಾಗೆ ಅಪ್ಪನ ಕೈ ನಿಧಾನವಾಯಿತು. ಕೊನೆಯದನ್ನು ಎತ್ತಿ ಹೆಸರು ಹೇಳಿದ ಮೇಲೆ ಅವನು ನನ್ನ ಮುಖ ನೋಡಿದ.

"ಎಣಸೋದು ಬಿಡ್ರಿ. ನಮ್ದು ಇಲ್ಲೈತಿ."

ಅವ್ವ ಗದ್ದೆಯಿಂದ ಬಂದಿದ್ದಳು. ಕಾಲಿಗೆ ಕೆಸರಿತ್ತು. ಸೆರಗಿನ ಗಂಟು ಬಿಚ್ಚಿ ಫ್ಯೂಜನ್ನು ಟವೆಲಿನ ಮೇಲಿಟ್ಟಳು.

"ಬೆಳಿಗ್ಗೆ ನಾನೇ ಹಾಕಿದ್ದೆ. ಅವರಿಗೆ ಗೊತ್ತಿಲ್ಲ."

ಪರಮೇಶಿ, "ಒಂದು ಮೋಟರಿಗೆ ಸುಟ್ಟೀತೇನು? ಇನ್ನೂ ಯಾರರ ಇರಬೇಕು" ಎಂದು ಸುತ್ತ ನೋಡಿದ. ಹಾಲಪ್ಪಣ್ಣನ ಕಾಲುವೆಯ ತಣ್ಣನೆ ಕೆಸರಿನ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ನನ್ನ ಭುಜ ಹಿಡಿದ. ಆ ಹಿಡಿತ ಬಾಯಿ ಮುಚ್ಚು ಎನ್ನುವಷ್ಟು ಬಿಗಿಯಾಗಿತ್ತು.

"ಕಮ್ಮಿ ಇದ್ದದ್ದು ನಮ್ದೊಂದೇ" ಎಂದ ಅಪ್ಪ. "ಇನ್ನು ನೀರು ಎಲ್ಲಿಂದ ಬಂದ್ರೂ ನಮ್ಮ ಗದ್ದಿಗೆ ಕಡೀಗೆ." ಕಟ್ಟೆ ಇಳಿದು ನಡೆದ. ಅವತ್ತಿನ ಊಟದಲ್ಲಿ ಅವನು ಅವ್ವನಿಗೆ ಅಂದದ್ದು ಒಂದೇ ಮಾತು: "ಚಟ್ನಿಗೆ ಉಪ್ಪು ಕಮ್ಮಿ."

ಬೇರೆ ಟಿಸಿಗೆ ಆಫೀಸಿನಲ್ಲಿ ಸಾಲು. ನಮ್ಮಂಥ ಊರುಗಳ ಸುಟ್ಟ ಟಿಸಿಗಳು ಅಂಗಳದಲ್ಲಿ ಎಣ್ಣೆ ಕಾರುತ್ತಾ ಬಿದ್ದಿವೆ ಎಂದು ನೋಡಿ ಬಂದವರು ಹೇಳಿದರು. ಅಪ್ಪ ಕುಪ್ಪಗಡ್ಡೆಗೆ ಹೇಳಿಕಳಿಸಿದ. ಅವ್ವನ ತಮ್ಮ, ನನ್ನ ಸೋದರಮಾವ, ಡೀಸೆಲ್ ಎಂಜಿನ್ನನ್ನು ಟಿಲ್ಲರಿನ ಗಾಡಿಯಲ್ಲಿ ಹೇರಿಕೊಂಡು ಬಂದ. ಹಳ್ಳದ ಮಡುವಿನಲ್ಲಿ ಪೈಪು ಇಳಿಬಿಟ್ಟು, ಹ್ಯಾಂಡಲ್ ಹಾಕಿ ತಿರುವುವುದನ್ನು ನನಗೆ ಕಲಿಸಿದ. ಮೊದಲ ಸಲ ಹ್ಯಾಂಡಲ್ ವಾಪಸು ಹೊಡೆದು ಮಣಿಕಟ್ಟು ಊದಿತು. ಎರಡನೇ ದಿನ ನಾನೊಬ್ಬನೇ ಶುರು ಮಾಡಿದೆ. ಡಬ್ ಡಬ್ ಎಂದು ಹೊಗೆ ಕಾರಿ ಅದು ಓಡತೊಡಗಿದಾಗ, ಇನ್ನು ಶಾಲೆಯಲ್ಲಿ ನನಗೆ ಕೆಲಸವಿಲ್ಲ ಅನ್ನಿಸಿತು. ಯಾರೂ ನನ್ನನ್ನು ಶಾಲೆ ಬಿಡಿಸಲಿಲ್ಲ. ನಾನೇ ಬಿಟ್ಟೆ. ಅದಕ್ಕೆ ಇವತ್ತಿಗೂ ತಲೆ ತಗ್ಗಿಸಿಲ್ಲ.

ಒಂದೇ ಎಂಜಿನ್ನು, ಅಷ್ಟೂ ಗದ್ದೆ. ಡೀಸೆಲ್ ಅವರವರದು, ನೀರಿನ ಸಾಲು ಅಪ್ಪ ಹೇಳಿದ್ದು. ಮಾವನಿಗೆ ಇದು ಸಹಿಸಲಿಲ್ಲ.

"ಅಲ್ಲ ಭಾವ, ಎಂಜಿನ್ ನಂದು. ಅಕ್ಕನ ಗದ್ದೆಗೆ ಕೊನೆಗೆ ನೀರು ಅಂದ್ರೆ ಇದೆಂಥ ನ್ಯಾಯ ಮಾರಾಯ್ರೆ?"

"ಮಾತಾಗೈತಿ, ಬಿಡು."

"ಮಾತು ಬೇಯ್ಸಿ ಉಣ್ತೀರಾ?"

ಅಪ್ಪ ನಕ್ಕ. ಆ ವಾರದಲ್ಲಿ ಅವನು ನಕ್ಕದ್ದು ಅದೊಂದೇ ಸಲ. ಪರಮೇಶಿಯ ಗದ್ದೆ ತುಂಬಿತು. ಹಾಲಪ್ಪಣ್ಣನದೂ ತುಂಬಿತು. ಆ ಪೈಪನ್ನು ಅಲ್ಲಿಗೆ ಎಳೆದವನು ನಾನೇ, ಹಲ್ಲು ಕಚ್ಚಿಕೊಂಡು. ದಿನವೂ ಸಂಜೆ ಅವ್ವ ನಮ್ಮ ಗದ್ದೆಗೆ ಹೋಗಿ ಒಂದು ತೆನೆ ಹಿಸುಕಿ ಬರುತ್ತಿದ್ದಳು. ಮೊದಮೊದಲು ಬೆರಳನ್ನು ನನಗೆ ತೋರಿಸುತ್ತಿದ್ದಳು. ಆಮೇಲೆ ತೋರಿಸುವುದು ನಿಲ್ಲಿಸಿದಳು.

ನಮ್ಮ ಸಾಲು ಬಂದ ದಿನ ಎಂಜಿನ್ ಶುರು ಮಾಡಿದವನು ನಾನು. ನೀರು ಬಿರುಕುಗಳಲ್ಲಿ ಇಳಿಯುವಾಗ ಗುಳುಗುಳು ಸದ್ದಾಯಿತು, ಕಾದ ಮಣ್ಣಿನ ವಾಸನೆ ಎದ್ದಿತು. ಅಪ್ಪ ಗದ್ದೆಯ ನಡುವೆ ಹೋಗಿ ಅಲ್ಲೊಂದು ಇಲ್ಲೊಂದು ತೆನೆ ಹಿಸುಕಿದ. ಹಿಂದಿರುಗಿ ಬಂದು ನನ್ನನ್ನು ಬದಿಗೆ ಸರಿಸಿ ಎಂಜಿನ್ ಆರಿಸಿದ.

"ಮಾವಂಗೆ ಹೇಳು, ಒಯ್ಯಲಿ. ಡೀಸೆಲ್ ದಂಡ."

ಕೊಯ್ಲಿಗೆ ಅವ್ವ ಯಾರನ್ನೂ ಕರೆಯಲಿಲ್ಲ. ತೆನೆಗಳು ಬಾಗದೆ ನೆಟ್ಟಗೆ ನಿಂತಿದ್ದವು, ತೂಕವಿದ್ದರಲ್ಲವೇ ಬಾಗುವುದು. ಅವ್ವ, ನಾನು ಒಂದು ಮೂಲೆಯಿಂದ ಹಿಡಿದಿದ್ದೆವು. ಹಾಲಪ್ಪಣ್ಣ ಕುಡುಗೋಲು ಹಿಡಿದು ಬಂದು ಇನ್ನೊಂದು ಮೂಲೆಗೆ ಕೂತ.

"ಜೊಳ್ಳು ಕೊಯ್ಯಾಕೆ ಆಳು ಯಾಕಣ್ಣ?" ಎಂದಳು ಅವ್ವ.

"ಹುಲ್ಲರ ದನಕ್ಕಾತು, ತಂಗಿ."

ಬಿಸಿಲೇರುವವರೆಗೆ ಕೊಯ್ದ. ಅವ್ವ ಅವನಿಗೆ ರೊಟ್ಟಿಯ ಮೇಲೆ ಕೆಂಪು ಚಟ್ನಿ ಹಾಕಿ ಕೊಟ್ಟು, ಚೊಂಬಿನ ಮಜ್ಜಿಗೆ ಮುಂದಿಟ್ಟಳು. ಅವನು ಕುಡಿಯಲು ಎತ್ತಿದಾಗ, ಹವಾಮಾನದ ಮಾತಾಡುವ ಹಾಗೆ ಕೇಳಿದಳು. "ಅವತ್ತು ಬೆಳಿಗ್ಗೆ ನಿಮ್ಮ ಮೋಟರ್ ಓಡ್ತಿತ್ತು, ಅಲ್ಲ? ಫ್ಯೂಜಿನ ಜಾಗಕ್ಕೆ ತಂತಿ ಸುತ್ತಿದ್ರಿ."

ಹಾಲಪ್ಪಣ್ಣ ಚೊಂಬು ಇಳಿಸಲಿಲ್ಲ. ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, "ಓಡ್ತಿತ್ತು" ಎಂದ.

"ಅದನ್ನ ನೋಡೇ ನಾನು ಮನಿಗೆ ಬಂದು ನಮ್ದು ತಗೊಂಡೆ."

"ಮತ್ತೆ ಕಟ್ಟಿ ಮ್ಯಾಲೆ ಯಾಕೆ ಹೇಳಲಿಲ್ಲ ತಂಗಿ? ಹೇಳಿದ್ರ ಕಡೇ ನೀರು ನಂದಾಗ್ತಿತ್ತು."

"ಬುಟ್ಟಿ ನನ್ನ ಹತ್ರ ಇತ್ತು. ನಿಮ್ಮ ಹತ್ರ ಇರಲಿಲ್ಲ."

ಅವಳು ಕುಡುಗೋಲು ತೆಗೆದುಕೊಂಡಳು. ಅವನು ಎದ್ದು ಬಂದು ಅವಳ ಸಾಲಿನ ಪಕ್ಕದಲ್ಲೇ ಕೊಯ್ಯತೊಡಗಿದ. ಮುಂದಿನ ಬೇಸಿಗೆಯ ಹೊತ್ತಿಗೆ ಹೊಸ ಟಿಸಿ ಬಂದಿತ್ತು. ಬುಟ್ಟಿ ಯಾರ ಮನೆಯಲ್ಲಿರಬೇಕು ಎಂದು ಕಟ್ಟೆಯಲ್ಲಿ ಮಾತು ಬಂದಾಗ ಹಾಲಪ್ಪಣ್ಣನೇ ಮೊದಲು, "ಇದ್ದಲ್ಲೇ ಇರಲಿ" ಎಂದನಂತೆ. ಪರಮೇಶಿಯೂ ಹೂಂ ಎಂದ.

ಅವರಾರೂ ಈಗ ಇಲ್ಲ. ದೇಶಕ್ಕೆ ಎಷ್ಟು ಕರೆಂಟು ಬೇಕು, ಕಲ್ಲಿದ್ದಲು ಎಷ್ಟು ಸುಡಬೇಕು, ಬಿಸಿಲಿನಿಂದ ಗಾಳಿಯಿಂದ ಎಷ್ಟು ತೆಗೆಯಬೇಕು ಎಂದು ಟಿವಿಯಲ್ಲಿ ಮಾತಾಡುವಾಗ ನಾನು ಚಾನಲ್ ಬದಲಿಸದೆ ಕೇಳುತ್ತೇನೆ. ಇದ್ದದ್ದರಲ್ಲಿ ಯಾರಿಗೆ ಮೊದಲು, ಯಾರು ಕಾಯಬೇಕು ಎನ್ನುವುದು ನಮ್ಮನ್ನು ಎಷ್ಟು ಸುಟ್ಟಿತ್ತೆಂದು ನನಗೆ ಗೊತ್ತು. ಈಗ ಆ ತಾಪತ್ರಯವಿಲ್ಲ. ಅದೇ ಗದ್ದೆಯಲ್ಲಿ ನನ್ನ ದುಡಿಮೆಯಲ್ಲಿ ಸೋಲಾರ್ ಪಂಪು ಹಾಕಿಸಿದ್ದೇನೆ. ಬಿಸಿಲು ಹತ್ತಿದರೆ ನೀರು ಬರುತ್ತದೆ. ಯಾರ ಪಾಳಿಯೂ ಇಲ್ಲ, ಯಾರನ್ನೂ ಕೇಳಬೇಕಿಲ್ಲ.

ಹೋದ ಬೇಸಿಗೆ ಶಿಕಾರಿಪುರದ ಮೋಟರ್ ವೈಂಡಿಂಗ್ ಅಂಗಡಿಯ ಮುಂದೆ ಹಾಲಪ್ಪಣ್ಣನ ಮೊಮ್ಮಗ ಸಿಕ್ಕ. ಮೋಟರ್ ಸುಟ್ಟು ವಾರದ ಮೇಲಾಗಿತ್ತಂತೆ, ವೈಂಡಿಂಗ್ ಇನ್ನೂ ಆಗಿರಲಿಲ್ಲ.

"ಗದ್ದೆ?" ಎಂದೆ.

"ಹೋತು, ದೊಡ್ಡಪ್ಪ."

"ನನಗೊಂದು ಮಾತು ಹೇಳಬಾರದೇನೋ? ಪೈಪು ಎಳದು ನೀರು ಬಿಡ್ತಿದ್ನಲ್ಲ."

ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಿಮ್ಮ ಪಂಪು ನಿಮ್ದು. ನಾವು ಹೆಂಗ ಕೇಳೋದು?"

ಬಸ್ಸಿನಲ್ಲಿ ಊರಿಗೆ ಬಂದವನು ಮನೆಗೂ ಹೋಗದೆ ಸೀದಾ ಎರಡೂ ಗದ್ದೆಯ ನಡುವಿನ ಬದುವಿಗೆ ಹೋದೆ. ನನ್ನ ಕಡೆ ನೀರು ಬದು ಮೀರಿ ಹಳ್ಳಕ್ಕೆ ಹರಿಯುತ್ತಿತ್ತು. ಅವನ ಕಡೆ ಕೈ ಇಳಿಯುವಷ್ಟು ಬಿರುಕು. ಆ ವಾರವೆಲ್ಲ ನಾನು ಬೆಳಿಗ್ಗೆ ಸಂಜೆ ಅದೇ ಬದುವಿನ ಮೇಲೆ ಓಡಾಡಿದ್ದೆ.