ಎಡಗಡೆಯ ಚಕ್ರ

ಟೈಲರಮ್ಮನ ಕಣ್ಣು ತಪ್ಪಿಸಿ ಒಂದು ಹೊಲಿಗೆಯೂ ಸೊಟ್ಟಗೆ ಹೋಗುವಂತಿರಲಿಲ್ಲ. ಬೀದಿಯ ಅರ್ಧ ಜನರ ಸೊಂಟದ ಅಳತೆ ಅವರ ನಾಲಿಗೆಯ ತುದಿಯಲ್ಲಿತ್ತು; ಯಾರು ಎಷ್ಟು ದಪ್ಪಗಾದರೆಂದು ಮುಖದ ಮೇಲೇ ಹೇಳಿಬಿಡುತ್ತಿದ್ದರು. ಮೂವತ್ತು ವರ್ಷ ದುಡಿದ ಹೊಲಿಗೆ ಯಂತ್ರ ಕೈಕೊಟ್ಟಾಗ ಮಾತ್ರ ಆ ಬಾಯಿ ಕಟ್ಟಿಹೋಯಿತು. ಶಾಲೆಯ ಸಮವಸ್ತ್ರದ ಬಟ್ಟೆ ಮೇಜಿನ ಮೇಲೆ ಗುಡ್ಡೆ ಬಿದ್ದಿತ್ತು.

ಆಗಲೇ ಫೋನಿನಲ್ಲಿ ಹೊಸ ಯಂತ್ರದ ಜಾಹೀರಾತು ಕಾಣಿಸಿತು. ಅರ್ಧ ಬೆಲೆಗೂ ಕಡಿಮೆ!

"ಅತ್ತೆ, ಈ ಅಂಗಡಿ ಹೆಸರು ಎಲ್ಲೂ ಕೇಳಿಲ್ಲ. ಸ್ವಲ್ಪ ವಿಚಾರಿಸೋಣ," ಎಂದಳು ಸೊಸೆ.

"ಮೆಷಿನ್ ವಿಷಯ ನನಗೇ ಹೇಳಿಕೊಡ್ತೀಯಾ? ಮೊದಲು ನೆಟ್ಟಗೆ ಗುಂಡಿ ಹಾಕೋದು ಕಲಿ."

ಸೊಸೆ ಅಡುಗೆಮನೆಗೆ ಹೊರಟುಹೋದಳು.

ಮಾರುವವನು ಮುಂಗಡ ಕೇಳಿದ. ಬೇರೆಯವರಾಗಿದ್ದರೆ ಅನುಮಾನಪಡುತ್ತಿದ್ದರೇನೋ, ಟೈಲರಮ್ಮನಿಗೆ ಅವನ ಮೇಲೆ ಗೌರವವೇ ಹುಟ್ಟಿತು. ಮುಂಗಡ ಕೈಗೆ ಬೀಳದೆ ಅವರೂ ಬಟ್ಟೆಗೆ ಕತ್ತರಿ ಹಾಕಿದವರಲ್ಲ. ಕಸುಬು ಗೊತ್ತಿರುವವನು ಎಂದುಕೊಂಡು ಕಾರ್ಡಿನ ನಂಬರು ಕೊಟ್ಟು ಮುಂಗಡ ಕಟ್ಟಿಯೇಬಿಟ್ಟರು.

ಮರುದಿನ ಮಧ್ಯಾಹ್ನ ಅವನ ಕರೆ ಬಂತು.

"ಅಮ್ಮಾ, ನಿಮ್ಮ ಮೆಷಿನ್ ಪ್ಯಾಕ್ ಆಗ್ತಿದೆ, ಫೋಟೋ ಕಳಿಸಿದ್ದೀನಿ. ಈಗ ಬರೋ ಓಟಿಪಿ ಹೇಳಿಬಿಡಿ, ಸಾಯಂಕಾಲ ಮನೆ ಬಾಗಿಲಿಗೆ ಬರುತ್ತೆ."

ಓಟಿಪಿ ಬಂದೂ ಆಯಿತು. ಆ ಆರು ಅಂಕಿ ಬಾಯಿಂದ ಹೊರಬಿದ್ದಿದ್ದರೆ, ಯಂತ್ರಕ್ಕೆಂದು ಕೂಡಿಟ್ಟಿದ್ದೆಲ್ಲ ಖಾತೆಯಿಂದ ಗುಡಿಸಿಹೋಗುತ್ತಿತ್ತು. ಟೈಲರಮ್ಮ ಕನ್ನಡಕ ಏರಿಸಿಕೊಂಡು ಮೊದಲು ಫೋಟೋ ನೋಡಿದರು.

"ಏನಪ್ಪಾ, ಚಕ್ರ ಎಡಗಡೆ ಇದೆಯಲ್ಲ?"

"ಹೊಸ ಮಾಡೆಲ್ ಅಮ್ಮಾ, ಈಗೆಲ್ಲ ಹಾಗೇ ಬರೋದು. ಬೇಗ ನಂಬರ್ ಹೇಳಿ."

"ಚಕ್ರ ತಿರುಗಿಸಿ ತಿರುಗಿಸಿ ನನ್ನ ಬಲಗೈ ದಡ್ಡುಗಟ್ಟಿದೆ ಕಣೋ! ಯಾರದೋ ಫೋಟೋ ಕದ್ದು ಎಡ-ಬಲ ತಿರುವಿ ಹಾಕಿ ನನಗೇ ಟೋಪಿ ಹಾಕ್ತೀಯಾ? ಇಡೋ ಫೋನು!"

ಕೂಡಿಟ್ಟದ್ದು ಉಳಿಯಿತು. ಮುಂಗಡ ಮಾತ್ರ ಗುಳುಂ ಆಗಿತ್ತು, ಕಾರ್ಡಿನ ನಂಬರು ಇನ್ನೂ ಅವನ ಕೈಯಲ್ಲೇ ಇತ್ತು. ಕಾರ್ಡನ್ನು ನಿಲ್ಲಿಸುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಸೊಸೆಯ ಮುಂದೆ ಹೋಗಿ ನಿಲ್ಲುವುದೆಂದರೆ ಜೀವ ಹಿಡಿಯಷ್ಟಾಯಿತು. ಆದರೂ ಅಡುಗೆಮನೆಯ ಬಾಗಿಲಿಗೆ ಬಂದರು.

"ಮೋಸ ಹೋದೆ ಕಣೇ," ಎಂದರು. ನಾಚಿಕೆಯಿಂದ ಕಣ್ಣು ತುಂಬಿ ಬಂದಿತ್ತು.

ಸೊಸೆ ನಗಲಿಲ್ಲ. ಒದ್ದೆ ಕೈ ಒರೆಸಿಕೊಂಡು, ಕಾರ್ಡಿನ ಹಿಂದಿದ್ದ ಬ್ಯಾಂಕಿನ ನಂಬರಿಗೆ ಕರೆ ಮಾಡಿ ಕಾರ್ಡನ್ನು ನಿಲ್ಲಿಸಿದಳು, ದೂರನ್ನೂ ಬರೆಸಿದಳು. ಎಲ್ಲೂ ತಡವರಿಸಲಿಲ್ಲ.

"ಇದೆಲ್ಲ ಎಲ್ಲಿ ಕಲಿತೆಯೇ?"

"ಹೋದ ವರ್ಷ ನಾನೂ ಮೋಸ ಹೋಗಿದ್ದೆ, ಅತ್ತೆ. ಚಪ್ಪಲಿ ತರಿಸೋಕೆ ಹೋಗಿ."

"ಮತ್ತೆ ನನಗೆ ಹೇಳಲೇ ಇಲ್ಲ?"

"ನಿಮಗೆ ಹೇಗೆ ಹೇಳೋದು, ಅತ್ತೆ?"

ಟೈಲರಮ್ಮ ಸ್ಟೂಲು ಎಳೆದು ಸೊಸೆಯ ಪಕ್ಕ ಕುಳಿತರು.

"ಎಂಥ ಚಪ್ಪಲಿ ಅದು? ಫೋಟೋ ಇದ್ರೆ ತೋರಿಸು ನೋಡೋಣ," ಎಂದರು.