ಗದ್ದೆಮ್ಮನ ದೊಡ್ಡಿಯ ಎರಡು ನಾಯಿಗಳು

ಮಲ್ಲಟದ ಗದ್ದೆಮ್ಮ ಯಾರ ಮಾತಿಗೂ ಬಗ್ಗುವ ಪೈಕಿಯಲ್ಲ. ಆಡಿನ ಹಿಂಡು ಅವಳದು, ತವರಿನಿಂದ ಹೊಡೆದುಕೊಂಡು ಬಂದ ಒಂದೇ ಒಂದು ಹೆಣ್ಣುಮರಿಯಿಂದ ಬೆಳೆಸಿದ್ದು. ದೊಡ್ಡಿ ಅವಳದು. ದೊಡ್ಡಿಯ ಬಾಗಿಲಲ್ಲಿ ಮಲಗುವ ಕರಿಯನೂ ಅವಳದೇ. ಮುದಿ ನಾಯಿ, ಒಂದು ಕಣ್ಣಿಗೆ ಹೂ ಬಿದ್ದಿತ್ತು, ಹಿಂಗಾಲು ಎಳೆಯುತ್ತಿತ್ತು. ಆದರೂ ಹೊಲದಾಚೆ ತೋಳ ಉಸಿರು ಬಿಟ್ಟರೆ ಇಲ್ಲಿ ಗುರ್ರೆನ್ನುತ್ತಿತ್ತು.

ಗಂಡ ಬೂದೆಪ್ಪ ರಾಯಚೂರಿನಲ್ಲಿ ಒಬ್ಬ ಎಂಜಿನಿಯರರ ಬಂಗಲೆಯ ಮಾಲಿ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಆ ಸಾಹೇಬರು ಪರದೇಶಕ್ಕೆ ಹೊರಟು ನಿಂತಾಗ ತಮ್ಮ ನಾಯಿಯನ್ನು ಅವನ ಕೈಗೆ ಕೊಟ್ಟರು. ಬಸ್ಸಿನಿಂದ ಅದನ್ನು ಇಳಿಸಿಕೊಂಡಾಗ ಊರಿಗೆ ಊರೇ ಬಂದು ನಿಂತಿತು. ಅಗಲ ತಲೆ, ಗಿಡ್ಡ ಕಾಲು, ಪೈಲ್ವಾನನ ಎದೆ.

"ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್," ಎಂದ ಬೂದೆಪ್ಪ. ನಾಯಿಯ ಜಾತಿಯ ಹೆಸರನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. "ಹೆಸರು ರೂಬಿ. ಇನ್ನ ಕರಿಯಾನ ದರಬಾರು ಮುಗೀತು."

"ಯಾರದು ಮುಗೀತು, ಯಾರದು ಸುರು ಆತು, ದೊಡ್ಡಿ ಒಡತಿ ಹೇಳ್ತಾಳ," ಅಂದಳು ಗದ್ದೆಮ್ಮ.

ಹಾಗಂತ ಹೊಸದನ್ನು ಬೇಡ ಅನ್ನಲಿಲ್ಲ. ಬಾಗಿಲಿಗೆ ಬಂದ ಮೂಕಪ್ರಾಣಿ, ಅದೇನು ತಪ್ಪು ಮಾಡಿದೆ? ತಪ್ಪು ಮಾಡಿದ್ದು ಅವಳೇ. ತಬ್ಬಲಿ ಮರಿಯನ್ನು ಬೇರೆ ಆಡು ಒದ್ದರೆ ಆಡು ಸಾಕುವವರು ಏನು ಮಾಡುತ್ತಾರೆ? ಮರಿಯ ಮೈಗೆ ಉಪ್ಪುನೀರು ಸವರಿ ಎರಡನ್ನೂ ಇಕ್ಕಟ್ಟಾದ ಗೂಡಿನಲ್ಲಿ ಕೂಡಿಹಾಕುತ್ತಾರೆ. ಆಡು ನೆಕ್ಕುತ್ತ ನೆಕ್ಕುತ್ತ ಮರಿಯನ್ನು ತನ್ನದೇ ಅಂದುಕೊಳ್ಳುತ್ತದೆ. ಗದ್ದೆಮ್ಮನೂ ರೂಬಿಯ ಬೆನ್ನಿಗೆ ಉಪ್ಪುನೀರು ಸವರಿ, ಕರಿಯನ ಜೊತೆ ಮರಿಗೂಡಿಗೆ ನೂಕಿ, ನಡುವೆ ಒಂದೇ ಬೋಗುಣಿ ಅಂಬಲಿ ಇಟ್ಟಳು. ನೆಕ್ಕುವುದಂತಿರಲಿ, ಗೂಡಿನ ತಡಿಕೆಯೇ ಮುರಿದುಬಿತ್ತು. ಕರಿಯನ ಕಿವಿ ಸೀಳಿತು, ರೂಬಿಯ ಮೂತಿ ರಕ್ತವಾಯಿತು, ಬಿಡಿಸಲು ಹೋದ ಗದ್ದೆಮ್ಮನ ಮೊಣಕೈಗೂ ಹಲ್ಲು ನೆಟ್ಟಿತು.

ಬೂದೆಪ್ಪನಿಗೆ ಇಷ್ಟೇ ಬೇಕಾಗಿತ್ತು. ಕರಿಯನನ್ನು ಗೋಣಿಚೀಲದಲ್ಲಿ ಕಟ್ಟಿ, ಹೊಳೆದಂಡೆಯ ಚೀಕಲಪರ್ವಿಗೆ ಒಯ್ದು, ಹೊಳೆಯಾಚೆ ಬಿಟ್ಟುಬರುತ್ತೇನೆಂದು ಹೊರಟ. ಚೀಲದಲ್ಲಿ ಒಯ್ದರೆ ನಾಯಿಗೆ ಮರಳುವ ದಾರಿ ತಿಳಿಯುವುದಿಲ್ಲವಂತೆ. ಎಂಥಾ ಬುದ್ಧಿವಂತ ನೋಡಿ, ಈ ಕುಂಟು ನಾಯಿ ಹೊಳೆ ಈಜಿ ಬರುತ್ತದೆಂದು ಹೆದರಿದ್ದ.

ಗದ್ದೆಮ್ಮ ಬಾಗಿಲಿಗೆ ಅಡ್ಡ ನಿಂತಳು. "ಹುಲಿಗೆಮ್ಮನ್ನ ಮದಿವಿ ಮಾಡ್ಕೊಂಡು ಬಂದಾಗ ನನಗೂ ಹಿಂಗ ಬಂಡಿ ಹೂಡಿದ್ದಿ. ಹಳೇಕಿ ತವರಿಗೆ ಹೋಗ್ಲಿ ಅಂದಿ. ನಾ ಹೋದ್ನೇನು?"

ಬೂದೆಪ್ಪ ಚೀಲ ಕೆಳಗಿಟ್ಟ. ಗದ್ದೆಮ್ಮನಿಗೆ ಮಕ್ಕಳಾಗಲಿಲ್ಲವೆಂದು ದೇವದುರ್ಗದ ಕಡೆಯಿಂದ ತಂದುಕೊಂಡ ಎರಡನೆಯ ಹೆಂಡತಿ ಈ ಹುಲಿಗೆಮ್ಮ. ಆರೇಳು ವರ್ಷವಾದರೂ ಅವಳ ಮಡಿಲೂ ತುಂಬಿರಲಿಲ್ಲ. ಇವಳನ್ನೂ ತವರಿಗೆ ಅಟ್ಟು ಎಂದು ಬೂದೆಪ್ಪನ ಅಕ್ಕತಂಗಿಯರು ಅವನ ಕಿವಿ ಕಚ್ಚತೊಡಗಿದ್ದರು.

ಆಡಿನ ವಿದ್ಯೆ ನಾಯಿಗೆ ಹತ್ತುವುದಿಲ್ಲವೆಂದು ಗದ್ದೆಮ್ಮನಿಗೆ ಈಗ ತಿಳಿದಿತ್ತು. ಅವಳು ರೂಬಿಯ ಹಗ್ಗವನ್ನು ಹುಲಿಗೆಮ್ಮನ ಕೈಗಿತ್ತಳು. ದಿನಾ ಹಿಂಡಿನ ಈ ಬದಿಗೆ ಗದ್ದೆಮ್ಮ, ಕರಿಯ. ಆ ಬದಿಗೆ ಹುಲಿಗೆಮ್ಮ, ರೂಬಿ. ಮೊದಲು ನಡುವೆ ಇಡೀ ಹಿಂಡು, ಆಮೇಲೆ ಅರ್ಧ, ಆಮೇಲೆ ಒಂದು ಮಾರು. ಅಂಬಲಿ ಬೇರೆ ಬೇರೆ ಮೂಲೆಯಲ್ಲಿ.

"ನಾಯಿಗೂ ಸವತಿ ಸಂಸಾರ ಕಲಸಾಕತ್ತಾರ," ಎಂದು ನೆರೆಮನೆಯ ಬಸ್ಸಮ್ಮ ನಕ್ಕಳು.

"ಕಲಿತಾವ ಬಿಡು, ನಿನ್ನ ಸೊಸಿಗಿಂತ ಲಗೂನ ಕಲಿತಾವ," ಎಂದಳು ಗದ್ದೆಮ್ಮ, ತಿರುಗಿಯೂ ನೋಡದೆ. ಮಳೆ ಹಿಡಿಯುವಷ್ಟರಲ್ಲಿ ಎರಡೂ ಒಂದೇ ಬೇವಿನ ಬುಡದಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಮಲಗತೊಡಗಿದವು.

ಆದರೆ ರೂಬಿ ಕಾವಲಿಗೆ ಮಾತ್ರ ನಾಲಾಯಕ್ಕು. ಯಾರು ಬಂದರೂ ಬಾಲ ಬಡಿದು ಕೈ ನೆಕ್ಕುವುದೇ ಅದರ ಕಸುಬು. ಒಂದು ಮಟಮಟ ಮಧ್ಯಾಹ್ನ ಆಡುಕಳ್ಳ ದೊಡ್ಡಿಗೆ ನುಗ್ಗಿದಾಗ ಕರಿಯ ಬೊಗಳಿ ಊರು ಕೂಡಿಸಿತು. ರೂಬಿ ಕಳ್ಳನ ಮುಂದೆ ಹೊಟ್ಟೆ ಮೇಲೆ ಮಾಡಿ ಮಲಗಿ, ಕೆರೆದುಕೊಡು ಅನ್ನುತ್ತಿತ್ತು.

ದಸರೆಗೆ ಬಂದ ಬೂದೆಪ್ಪ ಈ ಸುದ್ದಿ ಕೇಳಿ ಕುದ್ದುಹೋದ. "ಇದನ್ನ ತಂದು ಏನ್ ಬಂತು? ದಂಡಕ್ಕ ಕೂಳು. ನಾಳೆ ದೇವದುರ್ಗದ ಸಂತ್ಯಾಗ ಯಾರಿಗರ ಕೊಟ್ಟು ಬರ್ತೀನಿ."

ರೊಟ್ಟಿ ಬಡಿಯುತ್ತಿದ್ದ ಹುಲಿಗೆಮ್ಮನ ಕೈ ನಿಂತಿತು. ನಾದಿನಿಯರು ಅವಳ ಬಗ್ಗೆ ಆಡುತ್ತಿದ್ದ ಮಾತೂ ಇದೇ. ಗದ್ದೆಮ್ಮ ಆ ನಿಂತ ಕೈಯನ್ನು ಕಂಡಳು. ಗಂಡನ ಕಡೆ ತಿರುಗಿದಳು.

"ಕರಿಯಾ ಹೋಗಂಗಿಲ್ಲ. ರೂಬಿ ಹೋಗಂಗಿಲ್ಲ. ಹುಲಿಗೆಮ್ಮನೂ ಹೋಗಂಗಿಲ್ಲ, ನಿನ್ನ ಅಕ್ಕತಂಗೇರಿಗೆ ಹೇಳು. ತರೋದು ನೀ, ಬಾಳೇವು ಮಾಡೋದು ನಾವು. ಕಳಸೋ ಮಾತು ಇನ್ನ ನಿನ್ನ ಬಾಯಾಗ ಬರಬಾರದು."

"ಹಂಗಂದ್ರ ಈ ಮನ್ಯಾಗ ನಾ ಯಾರು?"

"ಅದನ್ನ ನೀನ ವಿಚಾರ ಮಾಡು. ಯಾರರ ಹೋಗಲೇಬೇಕಂದ್ರ ರಾಯಚೂರು ಬಸ್ಸು ಇನ್ನಾ ಹೋಗಿಲ್ಲ."

ಬೂದೆಪ್ಪ ಹೊರಗೆ ಕಟ್ಟೆಯ ಮೇಲೆ ಕೂತ. ಬಸ್ಸು ಬಂತು, ಹಾರ್ನು ಹೊಡೆಯಿತು, ಹೋಯಿತು. ಅವನು ಏಳಲಿಲ್ಲ. ಒಳಗೆ ಹುಲಿಗೆಮ್ಮ ಮತ್ತೆ ರೊಟ್ಟಿ ಬಡಿಯತೊಡಗಿದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತದೆ ಕೇಳಿದಳು, "ಯಕ್ಕಾ, ಅವರಿಗೂ ನೀಡಲೇನು?"

"ನೀಡು," ಅಂದಳು ಗದ್ದೆಮ್ಮ. "ಅವನನ್ನೂ ಕಳಸಂಗಿಲ್ಲ."