ನನ್ನ ಮಗಳು ಡಾಕ್ಟರಲ್ಲ

ಕಳೆದ ಭಾನುವಾರ ಮಾನ್ವಿಯಲ್ಲಿ ನನ್ನ ಅಕ್ಕ, ನಾವು ಹೊಸ್ತಿಲು ದಾಟುವ ಮೊದಲೇ, ತನ್ನ ಎರಡು ವರ್ಷದ ಮೊಮ್ಮಗನನ್ನು ನನ್ನ ಮಗಳ ಕೈಗೆ ಹಾಕಿದಳು. ಮಗುವಿಗೆ ವಾಂತಿ, ಭೇದಿ.

“ನೋಡವಾ ಡಾಕ್ಟರಮ್ಮ! ಮುಂಜಾನಿಂದ ನಿನ್ನ ದಾರಿನೇ ಕಾಯಾಕತ್ತೀವಿ.”

ಅಕ್ಕನ ಹೊಸ ಮನೆಯ ಗೃಹಪ್ರವೇಶ. ಮನೆ ತುಂಬ ನೆಂಟರು. ಮಗಳು ರೇಣುಕಾ ನನ್ನ ಮುಖ ನೋಡಿದಳು. ನಾನು ಬಾಗಿಲ ತೋರಣ ನೋಡಿದೆ.

ಯಾಕೆ ಗೊತ್ತೇ? ರೇಣುಕಾ ಡಾಕ್ಟರಲ್ಲ. ರಾಯಚೂರಿನ ಹೊರಗಿನ ಒಂದು ಸಣ್ಣ ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಬ್ಲಿಕ್ ಹೆಲ್ತ್ ಓದುತ್ತಾಳೆ. ಇಡೀ ಕ್ಲಾಸು ಒಂದು ಟಂಟಂ ಆಟೋದಲ್ಲಿ ಹಿಡಿಸುತ್ತದೆ (ಡ್ರೈವರ್ ಪಕ್ಕ ಇಬ್ಬರು ಕೂತರೆ). ಊರಿಗೆ ಕಾಯಿಲೆ ಯಾಕೆ ಬಂತು, ಎಲ್ಲಿಂದ ಬಂತು, ಮತ್ತೆ ಬರದಂತೆ ಏನು ಮಾಡಬೇಕು ಎನ್ನುವುದು ಅವಳ ಓದು. ದೇವದುರ್ಗದ ಹಳ್ಳಿಗಳಲ್ಲಿ ಬಿಸಿಲಿಗೆ ಮನೆಮನೆ ತಿರುಗಿ ಕರ್ರಗಾಗಿ ಬರುತ್ತಾಳೆ. ಖುಷಿಯಾಗಿಯೇ ಬರುತ್ತಾಳೆ. ಯಾರು ಕೇಳಿದರೂ “ಪಬ್ಲಿಕ್ ಹೆಲ್ತ್ ರೀ, ಡಾಕ್ಟರ್ ಅಲ್ಲ” ಎಂದು ನಕ್ಕು ಹೇಳುತ್ತಾಳೆ.

ನನ್ನನ್ನು ಕೇಳಿದರೆ? “ಮೆಡಿಕಲ್ ಲೈನ್” ಅನ್ನುತ್ತಿದ್ದೆ. ಪೂರ್ತಿ ಸುಳ್ಳೇನಲ್ಲವಲ್ಲ! ಮುಂದಿನ ಮದುವೆ ಹೊತ್ತಿಗೆ ‘ಲೈನ್’ ಉದುರಿ ಬರೀ ‘ಮೆಡಿಕಲ್’ ಉಳಿಯಿತು. ಆಮೇಲೆ ಯಾರೋ ‘ಡಾಕ್ಟರ್’ ಅಂದರು. ನಾನು ತಿದ್ದಲಿಲ್ಲ. ನೆಂಟರು ಬಿಪಿ ರಿಪೋರ್ಟು ವಾಟ್ಸ್‌ಆ್ಯಪ್ ಮಾಡತೊಡಗಿದಾಗ “ಎಕ್ಸಾಮ್ ಅದಾವ, ಬಿಜಿ ಅದಾಳ” ಎಂದು ನಾನೇ ಜಾರಿಕೊಳ್ಳುತ್ತಿದ್ದೆ.

ಮಗುವಿನ ಕಣ್ಣು ಗುಳಿ ಬಿದ್ದಿದ್ದವು. ಅತ್ತರೂ ಕಣ್ಣೀರಿಲ್ಲ.

“ಅತ್ತೀ, ನಾ ಡಾಕ್ಟರ್ ಅಲ್ಲ,” ಎಂದಳು ರೇಣುಕಾ. “ಕೂಸಿನ್ನ ದವಾಖಾನಿಗೆ ಯಾಕ ಒಯ್ದಿಲ್ಲ?”

ಅಕ್ಕನ ಸೊಸೆ ಅಳುತ್ತಿದ್ದಳು. “ಮನ್ಯಾಗ ಡಾಕ್ಟರ್ ಇರಬೇಕಾದ್ರ ದವಾಖಾನಿ ಯಾಕ ಅಂದ್ರು ಅತ್ತಿಯಾರು. ನಿಮ್ಮನ್ನ ನಂಬಿ ಕುಂತಿದ್ವಿ.”

ದವಾಖಾನೆಗೆ ನಡೆದೇ ಹೋಗಬಹುದಿತ್ತು. ತಡೆದದ್ದು ನನ್ನ ಬಡಾಯಿ. ಆ ಮಗುವಿಗೆ ಏನಾದರೂ ಆಗಿದ್ದರೆ?

ರೇಣುಕಾ ಅಂಗಡಿಯಿಂದ ಓಆರ್‌ಎಸ್ ಪಾಕೀಟು ತರಿಸಿ, ಬಾಟ್ಲಿ ನೀರಿನಲ್ಲಿ ಕಲಸಿ, ಚಮಚದಲ್ಲಿ ಕುಡಿಸುತ್ತಲೇ ಆಟೋ ಹತ್ತಿದಳು. ಅಕ್ಕನೂ ನಾನೂ ಹಿಂದೆ ಕೂತೆವು.

ಡ್ಯೂಟಿ ಡಾಕ್ಟರು ಸಲೈನ್ ಹಚ್ಚುತ್ತ ಸಿಟ್ಟಾದರು. “ಇಷ್ಟೊತ್ತು ಏನ್ ಮಾಡಾಕತ್ತಿದ್ರಿ?”

ಅಕ್ಕ ತಲೆ ತಗ್ಗಿಸಿದಳು. ತಪ್ಪು ನಂದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ (ಅಲ್ಲಿಯೂ!). ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಸಂಜೆಗೆ ಮಗು ಬಿಸ್ಕತ್ತಿಗೆ ಹಠ ಹಿಡಿಯಿತು. ನಾನು ಉಸಿರು ಬಿಟ್ಟೆ. ರೇಣುಕಾ ಮಾತ್ರ ಮನೆಗೆ ವಾಪಸು ಬಂದು ಒಬ್ಬೊಬ್ಬರನ್ನೇ ವಿಚಾರಿಸಿದಳು. ಮತ್ತೆ ಯಾರ ಹೊಟ್ಟೆ ಕೆಟ್ಟಿದೆ? ಯಾವ ನೀರು ಕುಡಿದಿರಿ? ಇನ್ನೂ ಇಬ್ಬರು ಸಿಕ್ಕರು. ಹೊಸ ಸಂಪಿನ ಮುಚ್ಚಳ ತೆಗೆಸಿ ನೋಡಿದಳು. ಪಕ್ಕದ ಚರಂಡಿ ಅದರೊಳಗೆ ಒಸರುತ್ತಿತ್ತು. ಆ ನೀರನ್ನು ಯಾರೂ ಮುಟ್ಟದಂತೆ ಮಾಡಿಯೇ ಹೊರಟಳು. ಅಷ್ಟು ಜನರ ಹೊಟ್ಟೆ ಉಳಿಯಿತು. ಅದಕ್ಕೆ ಅವಳಿಗೆ ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಬರದ ಕಾಯಿಲೆಗೆ ಥ್ಯಾಂಕ್ಸ್ ಹೇಳುವವರು ಯಾರಿದ್ದಾರೆ?

ರಾಯಚೂರು ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದ ಸೀಟಿನ ಅಜ್ಜಿ ಸುಮ್ಮನಿರಲಾರದೆ ಕೇಳಿದಳು, “ಏನ್ ಓದಾಕತ್ತೀಯವಾ?”

ನಾನು ಕಾದೆ. ಅವಳು ನಕ್ಕು ಹೇಳುವ ಆ ಮಾತಿಗಾಗಿ ಕಾದೆ.

ರೇಣುಕಾ ಕಿಟಕಿಯ ಕಡೆ ತಿರುಗಿದಳು. “ಮೆಡಿಕಲ್ ಲೈನ್, ಯವ್ವಾ.”

ಈ ಉತ್ತರವನ್ನು ಅವಳಿಗೆ ಕಲಿಸಿದ ವಿಶ್ವವಿದ್ಯಾಲಯ ಯಾವುದು, ಹೇಳಿ?